ಕುದುರೆ ಕತೆಯ ಮೇಷ್ಟ್ರ ಕೈಬರಹ

ಅವರ ಬಲಗೈ ಹೆಬ್ಬೆರಳು ಸುಮ್ಮನಿದ್ದದ್ದನ್ನು ನಾನು ನೋಡಿಯೇ ಇಲ್ಲ. ಮೇಜಿನ ಮೇಲಿಟ್ಟರೆ ಮೇಜನ್ನೇ ಟಕಟಕ ಬಡಿಯುತ್ತಿತ್ತು. ಎಡಗೈಯಿಂದ ಅದನ್ನು ಅದುಮಿ ಹಿಡಿದೇ ಮಾತಾಡುತ್ತಿದ್ದರು. ಬೈರಾಪಟ್ಟಣದಿಂದ ಚನ್ನಪಟ್ಟಣದ ನನ್ನ ಟೈಪಿಂಗ್ ಅಂಗಡಿಗೆ ವಾರಕ್ಕೆರಡು ಸಲ ಬಸ್ಸಿನಲ್ಲಿ ಬರುತ್ತಿದ್ದ ಅವರನ್ನು ನಾವೆಲ್ಲ ಕತೆ ಮೇಷ್ಟ್ರು ಎನ್ನುತ್ತಿದ್ದೆವು. ಪಾಠ ಹೇಳಿದವರಲ್ಲ. ಟೋಪಿ, ಬಂದೂಕು, ಕುದುರೆಗಳ ಕೌಬಾಯ್ ಸಿನಿಮಾಗಳನ್ನು ರಾಮನಗರದ ಬಂಡೆಗಳಿಗೆ ಹೊಂದಿಸಿ ಮೂವತ್ತು ವರ್ಷ ಬರೆದವರು. ಸ್ವತಃ ಕುದುರೆ ಹತ್ತಿರ ಹೋಗಲು ಹೆದರುತ್ತಿದ್ದರು!

ವಯಸ್ಸಾದ ಮೇಲೆ ಅದೇ ಬಗೆಯ ಒಂದು ಟಿವಿ ಧಾರಾವಾಹಿ ಸಿಕ್ಕಿತ್ತು. ಕೈ ನಡುಗುವ ಸುದ್ದಿ ಕಂಪನಿಗೆ ತಿಳಿದರೆ ಅದೂ ಬೇರೆಯವರ ಪಾಲು. ‘ಬಾಯಲ್ಲಿ ಹೇಳಿ, ನಾನು ಟೈಪ್ ಮಾಡ್ತೀನಿ’ ಎಂದರೆ, ‘ಬಾಯಲ್ಲಿ ಬಂದ್ರೆ ಬರೀ ಹರಟೆ ಆಯ್ತದೆ ಕಣವ್ವ, ಕತೆ ಕೈಯಿಂದ್ಲೇ ಬರ್ಬೇಕು’ ಎನ್ನುತ್ತಿದ್ದರು. ಹಠಮಾರಿ. ಕೋಳಿ ಕೆದರಿದಂಥ ಆ ಅಕ್ಷರ ಓದುವಾಗ ಪ್ರತಿಸಲವೂ ಎಲ್ಲಿ ತಪ್ಪುತ್ತೇನೋ ಎಂಬ ಹೆದರಿಕೆ ನನಗೆ.

ಹೆದರಿದಂತೆಯೇ ಆಯಿತು. ಒಂದು ದಿನ ಬಸ್ಸಿಗೆ ಹೊತ್ತಾಯಿತೆಂದು ನಾನು ಟೈಪ್ ಮಾಡಿದ್ದನ್ನು ನೋಡದೆಯೇ ಹೊರಟರು. ಕಂತಿನ ಕಡೇ ಸಾಲು: ‘ಗುಂಡೇಟು ತಿಂದ ಮುದುಕ ಹೊಳೆ ಹಾಯುತ್ತಾನೆ.’ ಆ ‘ಹಾ’ ನನ್ನ ಕಣ್ಣಿಗೆ ‘ಸಾ’ ಆಗಿ ಕಂಡಿತು. ವ್ಯಾಕರಣ ಸರಿಹೋಗಲೆಂದು ‘ಹೊಳೆಯಲ್ಲಿ ಸಾಯುತ್ತಾನೆ’ ಎಂದು ತಿದ್ದಿ ಕಳಿಸಿಬಿಟ್ಟೆ. ಎಂಥ ಜಾಣೆ ನಾನು! ಮರುದಿನವೇ ಚಿತ್ರೀಕರಣವೂ ಮುಗಿಯಿತು. ಆ ಮುದುಕ ಸವಾರನೆಂದರೆ ಮೇಷ್ಟ್ರಿಗೆ ಪಂಚಪ್ರಾಣ.

ಮೇಷ್ಟ್ರು ಅಂಗಡಿಗೆ ಬಂದು ನಾನು ಕಳಿಸಿದ್ದನ್ನು ಓದಿದಾಗಲೇ ತಪ್ಪು ಗೊತ್ತಾದದ್ದು. ಅಷ್ಟರಲ್ಲಿ ಕಂಪನಿಯ ಮ್ಯಾನೇಜರ್ ಫೋನ್ ಮಾಡಿದರು: ಮುದುಕನನ್ನು ಯಾಕೆ ಸಾಯಿಸಿದಿರಿ? ಟೈಪಿನವಳ ತಪ್ಪು ಎಂದರೆ ಮೂಲ ಹಾಳೆ ಕೇಳುತ್ತಾರೆ, ಕೈಬರಹ ನೋಡುತ್ತಾರೆ. ಮೇಷ್ಟ್ರು ನನ್ನ ಮುಖ ನೋಡಿದರು.

‘ಹೂಂ ಸ್ವಾಮಿ, ನಾನೇ ಬರ್ದಿದ್ದು. ಅವ್ನು ಸಾಯ್ಲೇಬೇಕಿತ್ತು.’

ಫೋನಿಟ್ಟು ಕಣ್ಣೊರೆಸಿಕೊಂಡರು. ‘ನೀನ್ಯಾಕವ್ವ ಅಳ್ತೀಯ? ಒಸಿ ನೀರು ಕೊಡು. ಮುದುಕ ಇಲ್ದಂಗೆ ಮುಂದಿನ್ ಕಂತು ಯೋಚ್ನೆ ಮಾಡ್ಬೇಕು.’ ಒಂದು ಬೈಗುಳವನ್ನಾದರೂ ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ರಾಮನಗರದ ಸಂತಾಪ ಸಭೆಯಲ್ಲಿ ಮಾತಾಡಿದವರೆಲ್ಲ ಆ ಸಾವಿನ ದೃಶ್ಯವನ್ನೇ ಹೊಗಳಿದರು, ಎಂಥ ಧೈರ್ಯ ಎಂದರು. ಸಭೆ ಮುಗಿದ ಮೇಲೆ ಮ್ಯಾನೇಜರ್ ನನ್ನ ಬಳಿ ಬಂದು, ‘ಆ ಸೀನ್ ಬರೆದ ಹಾಳೆ ನಿಮ್ಮತ್ರ ಇರ್ಬೇಕಲ್ಲ ಮೇಡಂ? ಫ್ರೇಮ್ ಹಾಕ್ಸಿ ಆಫೀಸಲ್ಲಿ ಇಡ್ತೀವಿ’ ಎಂದರು.

ಹಾಳೆ ನನ್ನ ಕೈಚೀಲದಲ್ಲೇ ಇತ್ತು. ಇವತ್ತಾದರೂ ನಿಜ ಹೇಳಿ ತಪ್ಪೊಪ್ಪಿಕೊಳ್ಳೋಣವೆಂದು ತಂದಿದ್ದೆ.

‘ಇಲ್ಲ ಸಾರ್, ಟೈಪಾದ್ಮೇಲೆ ಹರಿದು ಬಿಸಾಕ್ಬುಟ್ಟೆ’ ಎಂದೆ.