ಮಂಗಟ್ಟೆಯ ಬಾಣಂತನ

ಕಳೆದ ರವಿವಾರ ದಾಂಡೇಲಿಯ ನಮ್ಮ ಮಾವನ ಮನೆಯ ಅಟ್ಟದಿಂದ ಒಂದು ಅಲ್ಯೂಮಿನಿಯಂ ಸೌಟು ಸರಿಯಾಗಿ ನನ್ನ ನೆತ್ತಿಯ ಮೇಲೆ ಬಿತ್ತು. ಸೌಟು ಒಂದೇ ಬಿದ್ದಿದ್ದರೆ ಸಹಿಸಬಹುದಿತ್ತು. ಅದರ ಹಿಂದೆಯೇ ಅದಕ್ಕೆ ಬಿಗಿದಿದ್ದ ಎರಡಾಳುದ್ದದ ಬಿದಿರಿನ ಗಳವೂ ಬಂತು. ಅತ್ತೆಯವರು ಅಡುಗೆಮನೆಯಿಂದ ಓಡಿಬಂದು ಗಳಕ್ಕೆ ಏನೂ ಆಗಿಲ್ಲವಲ್ಲ ಎಂದು ವಿಚಾರಿಸಿದರು. ಅದನ್ನು ಇಳಿಸಿಕೊಡಲು ಹೇಳಿದವರೂ ಅವರೇ. ಯಾಕೆ ಎಂದು ಹೇಳಿರಲಿಲ್ಲ. ಅವರು ಕಾರಣ ಹೇಳಿ ಕೆಲಸ ಹಚ್ಚುವವರಲ್ಲ, ನಾನು ಕಾರಣ ಕೇಳಿ ಮಾಡುವ ಅಳಿಯನೂ ಅಲ್ಲ.

ತಲೆ ತಿಕ್ಕಿಕೊಳ್ಳುತ್ತ ನೋಡಿದರೆ ಸೌಟನ್ನು ಬಿದಿರಿಗೆ ಬಿಗಿದ ಕ್ಲಿಪ್ಪು ಇನ್ನೂ ಗಟ್ಟಿಯಾಗಿಯೇ ಇತ್ತು. ಟ್ರ್ಯಾಕ್ಟರಿನ ರೇಡಿಯೇಟರ್ ಪೈಪಿಗೆ ಹಾಕುವ ಕ್ಲಿಪ್ಪು ಅದು, ನನ್ನ ಅಂಗಡಿಯದೇ. ಹಳಿಯಾಳದಲ್ಲಿ ನನ್ನದು ಟ್ರ್ಯಾಕ್ಟರ್ ಬಿಡಿಭಾಗಗಳ ವ್ಯಾಪಾರ. ದಿನವಿಡೀ ಕೆಟ್ಟುಹೋದ ಸಾಮಾನುಗಳ ನಡುವೆ ಕೂತವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ ನೋಡಿ: ಸರಿಯಾಗಿ ತಿರುಗುತ್ತಿರುವ ಫ್ಯಾನು ಕಂಡರೂ ಒಮ್ಮೆ ಬಿಚ್ಚಿ ನೋಡೋಣ ಅನ್ನಿಸುತ್ತದೆ. ಹೀಗೆ ಬಿಚ್ಚಿದ ಮೇಲೆ ತಿರುಗದೇ ಹೋದ ಫ್ಯಾನುಗಳ ಲೆಕ್ಕ ನನ್ನ ಹೆಂಡತಿಯ ಬಾಯಲ್ಲಿದೆ. ಅಂಥ ನಾನು ಒಂದು ಬೇಸಿಗೆಯಲ್ಲಿ ಕಾಡನ್ನು ರಿಪೇರಿ ಮಾಡಲು ಹೋದೆ. ಆ ರಿಪೇರಿಯ ಹತ್ಯಾರವೇ ಈ ಸೌಟು.

ನನ್ನ ಹೆಂಡತಿ ಶಿವಲೀಲಾ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದ ವರ್ಷ ಅದು. ಹೋಳಿ ಹುಣ್ಣಿಮೆಯ ಹೊತ್ತಿಗೆ ಮಗಳು ಹುಟ್ಟಿದಳು. ನಮ್ಮ ಕಡೆಯ ಬಾಣಂತನ ನೀವು ನೋಡಿದ್ದೀರೋ ಇಲ್ಲವೋ. ಹೊರಗೆ ಬಿಸಿಲು ಹೆಂಚಿನ ಹಾಗೆ ಕಾದಿದ್ದರೆ ಒಳಗೆ ಬಾಣಂತಿ ಮಲಗುವ ಹೊರಸಿನ ಕೆಳಗೆ ಕೆಂಡ. ಅದರ ಮೇಲೆ ಲೋಬಾನದ ಹೊಗೆ. ಬಾಣಂತಿಯ ತಲೆಗೆ, ಕಿವಿಗೆ ಬಟ್ಟೆ. ಕಿಟಕಿ ಮುಚ್ಚಿದರೆ ಸಾಲದೆಂದು ಅತ್ತೆಯವರು ಅದರ ಸಂದಿಗೆ ಹಳೆಯ ಸೀರೆಯ ತುಂಡು ತುರುಕಿದ್ದರು. ಪ್ರತಿ ರವಿವಾರ ನಾನು ಹಳಿಯಾಳದ ಬಸ್ಸು ಹಿಡಿದು ಅರ್ಧ ಕಿಲೋ ದ್ರಾಕ್ಷಿಯೊಂದಿಗೆ ಹಾಜರಾಗುತ್ತಿದ್ದೆ. ಬಾಗಿಲು ಒಂದು ಗೇಣು ತೆರೆಯುತ್ತಿತ್ತು. ಒಳಗಿನಿಂದ ಒಂದು ಕೈ ಬಂದು ದ್ರಾಕ್ಷಿ ತೆಗೆದುಕೊಂಡು ಹೋಗುತ್ತಿತ್ತು. ಕೈ ನನ್ನ ಹೆಂಡತಿಯದೇ ಎಂದು ಬಳೆಯಿಂದ ಗುರುತಿಸುತ್ತಿದ್ದೆ.

ಅದೇ ದಿನಗಳಲ್ಲಿ ಹಿತ್ತಿಲ ಮತ್ತಿಮರದ ಪೊಟರೆಗೆ ಒಂದು ಮಂಗಟ್ಟೆ ಹಕ್ಕಿ ಬಂದು ಸೇರಿತು. ದಾಂಡೇಲಿಯವರಿಗೆ ಮಂಗಟ್ಟೆ ಹೊಸದಲ್ಲ. ಕೊಕ್ಕಿನ ಮೇಲೆ ಇನ್ನೊಂದು ಕೊಕ್ಕು ಹೊತ್ತುಕೊಂಡು, ಹೆಲ್ಮೆಟ್ಟನ್ನು ತಲೆಯ ಬದಲು ಮೂಗಿಗೆ ಹಾಕಿಕೊಂಡವರ ಗಾಂಭೀರ್ಯದಲ್ಲಿ ಊರ ಮೇಲೆ ಓಡಾಡುವ ಹಕ್ಕಿ ಅದು. ಆದರೆ ನಮ್ಮ ಟೆರೇಸಿನ ಎತ್ತರಕ್ಕೇ, ಒಂದು ಗಳಕ್ಕೆ ಎಟಕುವಷ್ಟು ದೂರದಲ್ಲಿ ಗೂಡು ಮಾಡಿದ್ದು ಅದೇ ಮೊದಲು. ಅದರ ಸಂಸಾರದ ರೀತಿ ನಿಮಗೆ ಗೊತ್ತಿರಬಹುದು. ಹೆಣ್ಣು ಪೊಟರೆಯೊಳಗೆ ಕೂತು ತನ್ನ ಹಿಕ್ಕೆಯಿಂದಲೇ ಬಾಗಿಲು ಮೆತ್ತಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟುಕೊಳ್ಳುತ್ತದೆ. ಮರಿಗಳು ದೊಡ್ಡವಾಗುವ ತನಕ ಗಂಡು ಹಣ್ಣು ತಂದು ಆ ಸೀಳಿನಲ್ಲಿ ಉಣಿಸಬೇಕು. ಒಳಗಿರುವಾಗ ಹೆಣ್ಣಿನ ರೆಕ್ಕೆಯ ಪುಕ್ಕಗಳೂ ಉದುರಿಹೋಗುತ್ತವಂತೆ. ಅಂದರೆ ಗಂಡು ಬಾರದಿದ್ದರೆ ಹೊರಗೆ ಬಂದು ಹಾರಿ ಬದುಕುವ ದಾರಿಯೂ ಅದಕ್ಕಿಲ್ಲ.

ಇದನ್ನೆಲ್ಲ ಮಾವ ಒಂದು ಸಂಜೆ ವಿವರಿಸಿದಾಗ ಅತ್ತೆಯವರ ಕಣ್ಣು ತುಂಬಿತು. ‘ಹಂಗಾರ ನಮ್ಮ ಹಿತ್ತಲದಾಗ ಇನ್ನೊಂದು ಬಾಣಂತಿ ಐತೇನ್ರಿ’ ಎಂದರು. ಆ ಕ್ಷಣದಿಂದ ಹೆಣ್ಣು ಹಕ್ಕಿ ಮನೆಮಗಳಾಯಿತು, ಗಂಡು ಅಳಿಯನಾಯಿತು, ನನಗೆ ಕಷ್ಟಕಾಲ ಶುರುವಾಯಿತು. ಆ ಅಳಿಯ ದಿನಕ್ಕೆ ಹತ್ತಾರು ಸಲ ಬರುತ್ತಿದ್ದ, ಪ್ರತಿಸಲವೂ ಗಂಟಲು ತುಂಬ ಹಣ್ಣು ತರುತ್ತಿದ್ದ. ಈ ಅಳಿಯ ವಾರಕ್ಕೊಮ್ಮೆ. ಅತ್ತೆಯವರು ನನಗೆ ನೇರವಾಗಿ ಏನೂ ಅನ್ನಲಿಲ್ಲ. ನನಗೆ ಕೇಳಿಸುವಂತೆ ಗೋಡೆಗೆ ಅಂದರು.

ಸಹಾಯ ಸಣ್ಣದಾಗಿಯೇ ಆರಂಭವಾಯಿತು. ಟೆರೇಸಿನ ಕಟ್ಟೆಯ ಮೇಲೆ ಒಂದು ಬೋಗುಣಿ ನೀರು. ಮರುದಿನ ಅದರ ಪಕ್ಕಕ್ಕೆ ಪಪ್ಪಾಯಿ ಹೋಳು. ಮಿಕ್ಸರು ಸದ್ದು ಮಾಡುತ್ತದೆಂದು ಚಟ್ನಿ ಒರಳಿಗೆ ಬಂತು. ಮಧ್ಯಾಹ್ನದ ಬಿಸಿಲು ಪೊಟರೆಗೆ ಬೀಳುತ್ತದೆಂದು ಮಾವ ಮೇಲಿನ ಕೊಂಬೆಗೆ ಒಂದು ತಗಡು ಕಟ್ಟಿದರು. ಮಾವ ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮೂರು ಪಾಳಿಯಲ್ಲೂ ಬಿದಿರು ಅರೆಯುವುದನ್ನು ನೋಡಿದವರು. ಆ ಬಿದಿರೇ ನಮಗೆ ಅನ್ನ ಹಾಕಿತು, ಕಾಡಿನ ಋಣ ತಲೆಯ ಮೇಲಿದೆ, ಒಂದು ತಗಡಾದರೂ ಕಟ್ಟಬಾರದೇ ಎಂದು ಅವರು ಕೇಳಿದಾಗ ನನಗೂ ಮನಸ್ಸು ಕರಗಿತು. ಪ್ರಕೃತಿಯ ಕೆಲಸದಲ್ಲಿ ಕೈಹಾಕಬಾರದು ಎಂದು ಎಲ್ಲೋ ಕೇಳಿದ್ದನ್ನು ನಾನು ಮೆಲ್ಲಗೆ ಹೇಳಿಯೂ ನೋಡಿದೆ. ಅವರ ಬಳಿ ಉತ್ತರ ತಯಾರಿತ್ತು.

‘ಅತ್ತಿವೇರಿ ಕೆರಿ ಕಟ್ಟಿದವ್ರು ಯಾರು? ಮನಷ್ಯಾರು. ಈಗ ಅಲ್ಲಿ ಹಕ್ಕಿ ಬಂದು ಸಂಸಾರ ಮಾಡಾಕತ್ತಾವಿಲ್ಲ?’

ಮಾಡುತ್ತಿವೆ, ನಿಜ. ಆದರೆ ಅತ್ತಿವೇರಿಯ ಪಕ್ಷಿಧಾಮದಲ್ಲಿ ಯಾರೂ ಹಕ್ಕಿಗೆ ಅಂಟಿನ ಉಂಡಿ ತಿನ್ನಿಸಿರಲಿಲ್ಲ. ನಾವು ಅದನ್ನೂ ಮಾಡಿದೆವು. ಬರೀ ಹಣ್ಣು ತಿಂದರೆ ಬಾಣಂತಿಯ ಸೊಂಟಕ್ಕೆ ಬಲ ಹೇಗೆ ಬರಬೇಕು ಎನ್ನುವುದು ಅತ್ತೆಯವರ ಚಿಂತೆ. ಒಣಕೊಬ್ಬರಿ, ಉತ್ತತ್ತಿ, ಅಂಟು, ಬೆಲ್ಲ, ತುಪ್ಪ ಸೇರಿಸಿ ಮಗಳಿಗೆ ಕಟ್ಟಿದ ಉಂಡಿಯಲ್ಲೇ ಒಂದು ಪಾಲು ತೆಗೆದು ಗೋಲಿಯಷ್ಟು ಸಣ್ಣ ಉಂಡಿಗಳನ್ನು ಕಟ್ಟಿದರು. ಅದನ್ನು ಪೊಟರೆಗೆ ಮುಟ್ಟಿಸುವ ಯಂತ್ರ ನನ್ನ ಪಾಲಿಗೆ ಬಂತು. ಆಗ ಹುಟ್ಟಿದ್ದೇ ಈ ಸೌಟಿನ ಗಳ. ನಾನು ಅದನ್ನು ಎಷ್ಟು ಪ್ರೀತಿಯಿಂದ ಮಾಡಿದೆನೆಂದರೆ ಕ್ಲಿಪ್ಪಿಗೆ ಗ್ರೀಸನ್ನೂ ಹಚ್ಚಿದ್ದೆ.

ಮೊದಲ ಪ್ರಯೋಗಕ್ಕೆ ಹೊಸ ಅಂಗಿ ತೊಟ್ಟುಕೊಂಡು ಹೋಗಿದ್ದೆ. ಸೌಟು ಸೀಳಿನ ಹತ್ತಿರ ಹೋಯಿತು. ಒಳಗಿನಿಂದ ಕೊಕ್ಕು ಬಂದು ಉಂಡಿಯನ್ನು ಎತ್ತಿಕೊಂಡಿತು. ಅತ್ತೆಯವರು ಕೈಮುಗಿದರು. ಮರುಗಳಿಗೆ ಉಂಡಿ ಬಾಣದಂತೆ ಹೊರಗೆ ಬಂದು ನನ್ನ ಹಣೆಗೆ ಬಡಿಯಿತು. ಅದರ ಬೆನ್ನಿಗೇ ಇನ್ನೊಂದು ಪದಾರ್ಥವೂ ಬಂತು. ಮಂಗಟ್ಟೆ ಗೂಡನ್ನು ಬಲು ಸ್ವಚ್ಛವಾಗಿ ಇಟ್ಟುಕೊಳ್ಳುವ ಹಕ್ಕಿ. ಒಳಗಿನ ಹೊಲಸನ್ನೆಲ್ಲ ಆ ಸೀಳಿನಿಂದಲೇ ದೂರಕ್ಕೆ ಚಿಮ್ಮಿಸುತ್ತದೆ. ಅಂಗಿ ಆಮೇಲೆ ಅಂಗಡಿಯಲ್ಲಿ ಎಣ್ಣೆ ಒರೆಸಲು ಉಪಯೋಗಕ್ಕೆ ಬಂತು. ಅಷ್ಟಾದರೂ ನಾವು ಸೋಲಲಿಲ್ಲ, ಉಂಡಿಗೆ ತುಪ್ಪ ಕಮ್ಮಿಯಾಗಿದೆ ಎಂದು ತೀರ್ಮಾನಿಸಿದೆವು.

ಈ ಗದ್ದಲದಲ್ಲಿ ಗಂಡು ಹಕ್ಕಿಯನ್ನು ಯಾರೂ ಗಮನಿಸಿರಲಿಲ್ಲ. ಮೊದಮೊದಲು ಅವನು ಗಳ ಕಂಡು ಗಾಬರಿಯಾಗಿ ತಂತಿಯ ಮೇಲೆ ಕೂತು ಕಿರುಚುತ್ತಿದ್ದ. ಆಮೇಲೆ ಕಟ್ಟೆಯ ಮೇಲಿನ ಪಪ್ಪಾಯಿಯ ರುಚಿ ಹತ್ತಿತು. ಬರುವುದು, ತಾನೇ ತಿನ್ನುವುದು, ಕೊಕ್ಕು ಒರೆಸಿಕೊಳ್ಳುವುದು, ಹೋಗುವುದು. ಪಕ್ಕಾ ಮನೆಅಳಿಯನಾದ. ಅತ್ತೆಯವರ ಗೋಡೆಯ ಮಾತುಗಳಲ್ಲಿ ನನ್ನ ಸ್ಥಾನ ತುಸು ಮೇಲೇರಿತು. ಇದೆಲ್ಲ ತಗಡಿನಿಂದ ಆದದ್ದೆಂದು ಅತ್ತೆ, ಪಪ್ಪಾಯಿಯಿಂದ ಆದದ್ದೆಂದು ಮಾವ. ಇಬ್ಬರಿಗೂ ಜಗಳವಾಗಿ, ಕಲಘಟಗಿಯ ತಮ್ಮ ತವರಿಗೆ ಹೋಗುತ್ತೇನೆಂದು ಅತ್ತೆ ಬೆದರಿಸಿದ್ದು ನನ್ನ ಎದುರಿಗೇ.

ಅದಾದ ಎರಡು ದಿನಕ್ಕೆ ಅಂಗಡಿಯಲ್ಲಿದ್ದಾಗ ಮಾವನ ಫೋನು ಬಂತು. ದನಿಯಲ್ಲಿ ಏದುಸಿರು.

‘ಅಳಿಯಂದ್ರ, ಅತ್ತಿ ಸಿಗವಲ್ದು ನೋಡ್ರಿ. ಮುಂಜಾನಿಂದ ಊರೆಲ್ಲಾ ಹುಡುಕೀನಿ. ನಿಮ್ಮ ಕಡೆ ಎಲ್ಲೆರ ಸಿಕ್ಕರ ಹಿಡಕೊಂಡ ಬರ್ರಿ.’

ಫೋನು ಕಡಿಯಿತು. ನಮ್ಮ ಕಡೆ ಅತ್ತೆಯನ್ನು ಅತ್ತಿ ಎನ್ನುತ್ತೇವೆ. ಹೆಂಡತಿಯನ್ನು ಅವರು ‘ಸಿಗವಲ್ದು’ ಎಂದು ದನಕರುವಿನ ಹಾಗೆ ಹೇಳಿದ್ದು ನನಗೆ ವಿಶೇಷವೆನಿಸಲಿಲ್ಲ. ಸಿಟ್ಟು ಬಂದಾಗ ಎಲ್ಲರ ಮನೆಯಲ್ಲೂ ಎಲ್ಲರೂ ಅದು-ಇದು ಆಗುತ್ತಾರೆ. ಕಲಘಟಗಿಗೆ ಹೋಗಬೇಕಾದರೆ ಹಳಿಯಾಳ ದಾಟಿಯೇ ಹೋಗಬೇಕು. ಶಟರು ಎಳೆದು ಬಸ್ ಸ್ಟ್ಯಾಂಡಿಗೆ ಓಡಿದೆ. ನಿಂತ ಬಸ್ಸುಗಳನ್ನೆಲ್ಲ ಹತ್ತಿ ಇಳಿದೆ. ಒಂದರಲ್ಲಿ ಕಿಟಕಿಯ ಪಕ್ಕ ಅತ್ತೆಯವರು ಉಡುವಂಥದೇ ಹಸಿರು ಇಳಕಲ್ ಸೀರೆ, ತಲೆಯ ಮೇಲೆ ಸೆರಗು. ಹಿಂದಿನಿಂದಲೇ ಕೈಮುಗಿದು, ತಪ್ಪಾಯಿತು, ಮನೆಗೆ ನಡೆಯಿರಿ ಎಂದೆ. ತಿರುಗಿದ ಮುಖ ಬೇರೆಯದು. ‘ನನ್ನ ಅಳಿಯಾ ಬ್ಯಾರೇನ ಅದಾನಪಾ. ಅಂವಾ ಕರದ್ರೂ ನಾ ಹೋಗೂದಿಲ್ಲ’ ಎಂದು ಆ ತಾಯಿ ಸಮಾಧಾನವಾಗಿ ಹೇಳಿದರು.

ಗಾಬರಿಯಲ್ಲೇ ದಾಂಡೇಲಿ ತಲುಪಿದರೆ ಗೇಟಿನಲ್ಲಿ ಅತ್ತೆಯವರೇ ನಿಂತಿದ್ದಾರೆ! ನನ್ನ ಬರಿಗೈ ನೋಡಿ, ‘ಅತ್ತಿ ತರಲಿಲ್ಲೇನ್ರಿ?’ ಎಂದರು. ನಾನು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದೆ. ಅವರು ಕೇಳಿದ್ದು ಅತ್ತಿಹಣ್ಣು. ಗಂಡು ಹಕ್ಕಿ ಹಿಂದಿನ ದಿನ ಮಧ್ಯಾಹ್ನದಿಂದ ಬಂದೇ ಇರಲಿಲ್ಲ. ಪಪ್ಪಾಯಿ ಕೊಟ್ಟರೆ ಹೆಣ್ಣು ಮುಟ್ಟುತ್ತಿಲ್ಲ. ಅತ್ತಿಹಣ್ಣಾದರೂ ತಿಂದೀತೆಂದು ಮಾವ ಮರ ಮರ ತಿರುಗಿದ್ದರು. ನಗು ಬರಬೇಕಾಗಿತ್ತು, ಬರಲಿಲ್ಲ. ಟೆರೇಸಿಗೆ ಹೋಗಿ ನೋಡಿದರೆ ಸೀಳಿನಲ್ಲಿ ಕೊಕ್ಕಿನ ತುದಿ ಕಾಣುತ್ತಿತ್ತು, ಕಾಯುತ್ತಿತ್ತು. ಸಹಾಯ ಮಾಡಿ ಮಾಡಿ ಆ ಬಾಣಂತಿಯನ್ನು ಉಪವಾಸ ಕೊಲ್ಲುತ್ತಿದ್ದೇವೆ ಎಂಬುದು ಮೂವರಿಗೂ ಗೊತ್ತಾಗಿತ್ತು. ಬಾಗಿಲು ಒಡೆದು ಹಕ್ಕಿಯನ್ನು ಹೊರಗೆ ತೆಗೆದು ಮನೆಯಲ್ಲೇ ಸಾಕೋಣ ಎಂದು ಅತ್ತೆಯವರು ಅಳುತ್ತ ಹೇಳಿದರು. ನಾನು ಉಳಿ ಹುಡುಕತೊಡಗಿದೆ.

ಆಗ ಕೆಳಗೆ ಬಾಣಂತಿಕೋಣೆಯ ಕಿಟಕಿಯ ಸಂದಿಯಿಂದ ಹಳೆಯ ಸೀರೆಯ ತುಂಡು ಹೊರಗೆ ಬಿತ್ತು. ಆ ಸೀಳಿನಿಂದ ಶಿವಲೀಲಾಳ ದನಿ ಬಂತು.

‘ಅವ್ವಾ, ಅಕಿ ಬಾಗಲಾ ಅಕಿನ ಮುಚ್ಚಿಕೊಂಡಾಳ. ಬ್ಯಾಡಾದಾಗ ಅಕಿನ ಒಡಕೊಂಡ ಬರ್ತಾಳ. ನನ್ನ ಬಾಗಲಾ ಮುಚ್ಚಿದಾಕಿ ನೀನು.’

ಅತ್ತೆಯವರು ಕಟ್ಟೆಯ ಮೇಲೆ ಕೂತುಬಿಟ್ಟರು. ಆಮೇಲೆ ಎದ್ದು ತಗಡು ಬಿಚ್ಚಿರಿ ಎಂದರು. ತಗಡು ಬಿಚ್ಚುವುದೂ ಕೈಹಾಕಿದಂತೆಯೇ ಅಲ್ಲವೇ ಎಂದು ಮಾವ ತರ್ಕ ತೆಗೆದರು. ತಗಡು ಕಟ್ಟಿದ್ದು ಹಸ್ತಕ್ಷೇಪವಾದರೆ ಬಿಚ್ಚುವುದು ಎರಡನೆಯ ಹಸ್ತಕ್ಷೇಪ. ಹಾಗಾದರೆ ಮೊದಲನೆಯದು ವಜಾ ಆಗುತ್ತದೋ, ಎರಡೂ ಕೂಡುತ್ತವೋ? ಅತ್ತೆ ಕೂಡಿಸಲೂ ಇಲ್ಲ, ಕಳೆಯಲೂ ಇಲ್ಲ, ಏಣಿ ತಂದು ನಿಲ್ಲಿಸಿದರು. ತಗಡು ಇಳಿಯಿತು. ಪಪ್ಪಾಯಿ, ಬೋಗುಣಿ ಹೋದವು. ಗಳ ಅಟ್ಟ ಸೇರಿತು. ಟೆರೇಸಿನ ಬಾಗಿಲಿಗೆ ಚಿಲಕ ಬಿತ್ತು. ಕೆಳಗೆ ಬಂದು ಅತ್ತೆಯವರು ಹೊಗೆ ಬಹಳವಾಗಿದೆ ಎಂಬ ನೆಪ ಹೇಳಿ ಮಗಳ ಕಿಟಕಿ ತೆರೆದರು.

ಇನ್ನು ಮಾಡಬೇಕಾದ ಕೆಲಸವೆಂದರೆ ಏನೂ ಮಾಡದೇ ಕೂಡುವುದು. ಅಷ್ಟು ಕಷ್ಟದ ಕೆಲಸವನ್ನು ನಾನು ಹಿಂದೆ ಮಾಡಿರಲಿಲ್ಲ. ಅತ್ತೆ ಹಸನಾದ ಜೋಳವನ್ನೇ ಮತ್ತೆ ಮತ್ತೆ ಹಸನು ಮಾಡಿದರು. ನಾನು ಅವರ ಫ್ಯಾನಿನ ಕಡೆ ನೋಡದಿರಲು ಪ್ರಯತ್ನಿಸಿದೆ. ಹೊತ್ತು ಇಳಿಯುವ ಸಮಯಕ್ಕೆ ಹಿತ್ತಿಲಲ್ಲಿ ಬೀಸುವ ಕಲ್ಲಿನಂಥ ರೆಕ್ಕೆಯ ಸಪ್ಪಳ ಕೇಳಿಸಿತು. ಮೂವರೂ ಅಡುಗೆಮನೆಯ ಜಾಲರಿಗೆ ಮುಖ ಹಚ್ಚಿದೆವು. ಗಂಡು ಹಕ್ಕಿ ಬಂದು ಕೊಂಬೆಯ ಮೇಲೆ ಕೂತು, ತಗಡಿದ್ದ ಜಾಗವನ್ನು ಈ ಕಣ್ಣಿನಿಂದೊಮ್ಮೆ ಆ ಕಣ್ಣಿನಿಂದೊಮ್ಮೆ ನೋಡಿ, ಪೊಟರೆಗೆ ಹಾರಿತು. ಅದರ ಕೊಕ್ಕಿನಲ್ಲಿ ಹಣ್ಣಿರಲಿಲ್ಲ. ಒಂದು ಓತಿಕ್ಯಾತ ಇತ್ತು, ಬಾಲ ಇನ್ನೂ ಆಡುತ್ತಿತ್ತು. ಒಳಗಿನ ಬಾಣಂತಿ ಅದನ್ನು ಒಂದೇ ಏಟಿಗೆ ಒಳಗೆಳೆದುಕೊಂಡಳು. ಈ ಸಲ ಏನೂ ಹೊರಗೆ ಬರಲಿಲ್ಲ.

ನಮ್ಮದು ಮೊಟ್ಟೆಯ ವಾಸನೆಯನ್ನೂ ಒಳಗೆ ಬಿಡದ ಮನೆ. ಅತ್ತೆಯವರು ದಿನಾ ಲಿಂಗಪೂಜೆ ಮುಗಿಸದೆ ನೀರು ಮುಟ್ಟುವವರಲ್ಲ. ನಾನು ಹೆದರಿ ಅವರ ಮುಖ ನೋಡಿದೆ. ಅವರು ಹಣೆಯ ವಿಭೂತಿ ಮುಟ್ಟಿಕೊಂಡರು. ಬೀಗರ ಮನೆಯ ರೀತಿರಿವಾಜು ಒಗ್ಗದಿದ್ದಾಗ ದೊಡ್ಡವರು ಆಡುವ ಮಾತನ್ನೇ ಆಡಿದರು.

‘ಅದು ಅವರ ಮನಿ ಪದ್ಧತಿ. ನಾವ್ಯಾರು ಕೇಳಾವ್ರು?’

ತೆರೆದ ಕಿಟಕಿಯಿಂದ ಶಿವಲೀಲಾ, ಏನು ತಂದ ಎಂದು ಕೇಳಿದಳು. ಹಣ್ಣು ಎಂದರು ಅತ್ತೆ. ಮಳೆಗಾಲ ಹಿಡಿಯುವ ಮೊದಲು ತಾಯಿ, ಎರಡು ಮರಿ ಬಾಗಿಲೊಡೆದುಕೊಂಡು ಹೊರಬಂದವು. ಮರಿಗಳು ನೋಡಲು ಚೆನ್ನಾಗಿರಲಿಲ್ಲ. ಅತ್ತೆಯವರು ದೃಷ್ಟಿ ತೆಗೆದರು.

ಇದೆಲ್ಲ ಗಳ ಹಿಡಿದು ನಿಂತ ನನಗೆ ನೆನಪಾಗುತ್ತಿರುವಾಗ ಅತ್ತೆ ಟೆರೇಸಿನಿಂದ ಕರೆದರು. ಮತ್ತಿಮರ ಈಚಿನ ವರ್ಷಗಳಲ್ಲಿ ತನ್ನ ಗಾಯ ಮಾಯಿಸಿಕೊಳ್ಳುತ್ತ ಪೊಟರೆಯ ಬಾಯಿಯನ್ನು ತೊಗಟೆಯಿಂದ ಮುಚ್ಚುತ್ತ ಬಂದಿದೆ. ಈ ಸಲ ಒಂದು ಜೋಡಿ ದಿನಾ ಬಂದು ನೋಡುತ್ತದೆ; ಹೆಣ್ಣು ತಲೆ ತೂರಿಸಲು ಹೋಗುತ್ತದೆ, ಆಗುವುದಿಲ್ಲ, ಹೋಗುತ್ತದೆ. ಹತ್ತಿರದಲ್ಲಿ ಪೊಟರೆಯಿರುವ ಹಳೆಯ ಮರ ಬೇರೆ ಉಳಿದಿಲ್ಲ. ಗಳವನ್ನು ಮೇಲೆ ಒಯ್ದು ಕಟ್ಟೆಗೆ ಒರಗಿಸಿದೆ. ಕೈ ಹಿಂದೆ ಕಟ್ಟಿಕೊಂಡೇ ನಿಂತೆ, ಅಷ್ಟು ಬುದ್ಧಿ ಬಂದಿದೆ. ಅತ್ತೆಯವರೇ ಉಳಿಯನ್ನು ಮುಂದೆ ಹಿಡಿದರು.

‘ಬಾಗಲಾ ತಗದು ಕೊಡೂಣ್ರಿ. ಮುಚ್ಚೂದು ಅಕೀದು.’

ಸೌಟು ಬಿಚ್ಚಿ ಅದೇ ಕ್ಲಿಪ್ಪಿನಲ್ಲಿ ಉಳಿ ಬಿಗಿದೆ. ಮಾವ ಗಳಕ್ಕೆ ಆಸರೆಯಾದರು. ತೊಗಟೆಯ ಅಂಚನ್ನು ಒಂದು ಕೊಕ್ಕಿನಗಲ, ಆಮೇಲೆ ಒಂದು ತಲೆಯಗಲ ಕೆತ್ತಿದೆವು. ಇನ್ನೂ ಸ್ವಲ್ಪ ನುಣುಪು ಮಾಡೋಣ ಅನ್ನಿಸಿತು. ಕೆಳಗಿನ ಕಿಟಕಿಯಲ್ಲಿ ನನ್ನ ಜೊತೆ ಬಂದಿದ್ದ ಶಿವಲೀಲಾ ಕೆಮ್ಮಿದಳು, ನಿಲ್ಲಿಸಿದೆ. ಅತ್ತೆ ಎಲ್ಲರನ್ನೂ ಕೆಳಗಟ್ಟಿ ಚಿಲಕ ಹಾಕಿದರು. ಅಡುಗೆಮನೆಗೆ ಹೋದವರು ಅರ್ಧ ಗಳಿಗೆಯೂ ಸುಮ್ಮನೆ ಕೂಡಲಾರದೆ ಡಬ್ಬಿ ತೆರೆದು, ಲಿಂಬೆಯಷ್ಟು ದೊಡ್ಡ ಅಂಟಿನ ಉಂಡಿಯೊಂದನ್ನು ತಂದು ನನ್ನ ಕೈಯಲ್ಲಿಟ್ಟರು. ತಲೆಗೆ ಪೆಟ್ಟಾಗಿದೆ, ಬಲ ಬರುತ್ತದೆ ಎಂದರು. ಹೊಟ್ಟೆ ತುಂಬಿತ್ತು. ಆದರೆ ಹೊರಗೆ ಎಸೆಯಲು ನನಗೆ ಆ ಹಕ್ಕಿಗಿದ್ದಂಥ ಸೀಳು ಇರಲಿಲ್ಲ. ತಿಂದೆ.