ಅಪ್ಪ ಕೇಳಿರದ ಹಾಡು

ಸಹೋದ್ಯೋಗಿಯೊಬ್ಬರ ತಾಯಿ ತೀರಿಕೊಂಡರೆಂದು ತಿಳಿದು ಇವತ್ತು ಬೆಳಿಗ್ಗೆ ಫೋನ್ ಮಾಡಿದೆ. ಅವರು ಎತ್ತುವ ಮೊದಲೇ ಆ ಕಡೆಯಿಂದ ಕುಣಿತದ ಹಾಡೊಂದು ಶುರುವಾಯಿತು. ನನ್ನ ಕಿವಿ ಬಿಸಿಯಾಯಿತು.

ನಾನು ಚಿಕ್ಕವನಿದ್ದಾಗ ನಾವು ಹೆಬ್ಬಗೋಡಿಯ ವಠಾರದಲ್ಲಿದ್ದೆವು. ಅಪ್ಪ ಫ್ಯಾಕ್ಟರಿಯಿಂದ ಬಂದವನೇ ತನ್ನ ಹೊಸ ಮೊಬೈಲನ್ನು ಕರ್ಚೀಫಿನಿಂದ ಒರೆಸುತ್ತಿದ್ದ. ರೆಕಾರ್ಡ್ ಮಾಡಿದ ಹೆಂಗಸಿನ ದನಿಯೊಂದು ಆಗಾಗ ಕರೆ ಮಾಡಿ, ಹಾಡು ಬೇಕಿದ್ದರೆ ಒಂದನ್ನು ಒತ್ತಿ ಎನ್ನುತ್ತಿತ್ತು. "ಪಾಪ, ಆಗಿಂದ ಕೇಳಾಕತ್ತಾಳ" ಎಂದು ಅಪ್ಪ ಮರ್ಯಾದೆಗೆ ಒತ್ತಿಬಿಡುತ್ತಿದ್ದ.

ಊರಲ್ಲಿ ಅಜ್ಜ ತೀರಿಕೊಂಡ. ಮಣ್ಣು ಮಾಡಿ ಬಂದು ನೆಂಟರೆಲ್ಲ ಕೂತಿದ್ದಾಗ ದೊಡ್ಡಪ್ಪ ಕೇಳಿಯೇಬಿಟ್ಟ: "ಅಪ್ಪ ಹೋದ ಅಂತ ಹೇಳಾಕ ಫೋನ್ ಹಚ್ಚಿದ್ರ ಕುಣಿಯೋ ಹಾಡು ಕೇಳಸ್ತೀಯಲ್ಲೋ ತಮ್ಮಾ, ನಾಚಿಕಿ ಬ್ಯಾಡೇನು?"

"ನನ್ನ ಫೋನಿನ್ಯಾಗ ಹಾಡೇ ಇಲ್ಲಣ್ಣ" ಎಂದ ಅಪ್ಪ.

ದೊಡ್ಡಪ್ಪ ತನ್ನ ಫೋನಿನಿಂದ ಅಪ್ಪನ ನಂಬರಿಗೆ ಕರೆ ಮಾಡಿ, ಅದನ್ನು ಅಪ್ಪನ ಕಿವಿಗೇ ಹಿಡಿದ. ಜೇಬಿನಲ್ಲಿದ್ದ ಅಪ್ಪನ ಮೊಬೈಲು ಎಂದಿನಂತೆ ಟ್ರಿಣ್ ಟ್ರಿಣ್ ಎನ್ನುತ್ತಿತ್ತು. ಕಿವಿಯಲ್ಲಿ ಮಾತ್ರ ತಮಟೆ, ಸೀಟಿ. ಕರೆ ಮಾಡಿದವರಿಗಷ್ಟೇ ಕೇಳುವ ಹಾಡದು. ಫೋನಿನ ಒಡೆಯನಿಗೆ ಗೊತ್ತೇ ಆಗುವುದಿಲ್ಲ. ಅಪ್ಪ ಅದು ತಾನಾಗಿ ನಿಲ್ಲುವವರೆಗೂ ಕೇಳಿದ. ಆಮೇಲೆ ತಲೆ ಎತ್ತಲಿಲ್ಲ. ಅಪ್ಪನ ಪಕ್ಕದಲ್ಲಿದ್ದ ನಾನೂ ನೆಲವನ್ನೇ ನೋಡುತ್ತಾ ಕೂತೆ.

ಇವತ್ತು ಬೆಳಿಗ್ಗೆ ಸಹೋದ್ಯೋಗಿ ಅಳುತ್ತಲೇ ಮಾತಾಡಿದರು. ಹಾಡಿನ ವಿಷಯ ಹೇಳಲು ನನಗೆ ಬಾಯಿ ಬರಲಿಲ್ಲ. ಫೋನ್ ಇಟ್ಟವನೇ ಹೆಂಡತಿಯ ಮೊಬೈಲಿನಿಂದ ನನ್ನದೇ ನಂಬರಿಗೆ ಕರೆ ಮಾಡಿ, ಕಿವಿಗೆ ಹಿಡಿದು ನಿಂತೆ.