ಹಾರ್ಡ್ ಡಿಸ್ಕಿಗೆ ಕಿವಿಗೊಟ್ಟ ಭಾಯಿ

ಮೊನ್ನೆ ಕಂಪ್ಯೂಟರಿನ ಡಬ್ಬ ಬಿಚ್ಚಿ ಫ್ಯಾನಿಗೆ ಬ್ರಷ್ ಆಡಿಸುತ್ತಿದ್ದಾಗ ಆ ವಾಸನೆ ಮೂಗಿಗೆ ಬಡಿಯಿತು. ಕಾದ ಧೂಳು, ಜೊತೆಗೆ ಕೊಬ್ಬರಿಯ ಕಮಟು. ಹೊಸದುರ್ಗದಲ್ಲಿ ನನ್ನ ಡಿಟಿಪಿ ಅಂಗಡಿಯ ಗೋಡೆಗೆ ಅಂಟಿಕೊಂಡೇ ಕೊಬ್ಬರಿ ಗೋದಾಮಿದೆ. ಅಲ್ಲಿನ ನಾರಿನ ಪುಡಿಯೆಲ್ಲ ನನ್ನ ಕಂಪ್ಯೂಟರಿನ ಹೊಟ್ಟೆ ಸೇರುತ್ತದೆ. ಅದನ್ನು ನನಗೆ ಮೊದಲು ತೋರಿಸಿಕೊಟ್ಟವರು ರಿಪೇರಿ ಭಾಯಿ. ಊರಿಗೆಲ್ಲ ಅವರು ರಿಪೇರಿ ಭಾಯಿಯೇ...

ಆಗ ನನ್ನ ಹತ್ತಿರ ಇದ್ದದ್ದು ಒಂದೇ ಕಂಪ್ಯೂಟರ್. ಹತ್ತು ವರ್ಷ ದುಡಿದು ಅದಕ್ಕೂ ಸಾಕಾಗಿತ್ತು. ಬೆಳಿಗ್ಗೆ ಸ್ವಿಚ್ ಹಾಕಿ, ಕಸ ಗುಡಿಸಿ, ಬಾಗಿಲಿಗೆ ನೀರು ಹಾಕಿ, ಟೀ ಕುಡಿದು ಬಂದರೂ ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇರುತ್ತಿತ್ತು. ಎಲ್ಲರೂ ಬೇರೆಯದು ತಗೊಳ್ಳಿ ಎಂದವರೇ. ನಾನು ಹಟ ಹಿಡಿದೆ. ಹಟ ಕಂಪ್ಯೂಟರಿಗಾಗಿ ಅಲ್ಲ, ಅದರೊಳಗೆ ಟೈಪ್ ಮಾಡಿಟ್ಟಿದ್ದ ಹಳೇ ಮ್ಯಾಟರಿಗಾಗಿ.

ನಮ್ಮ ಕಡೆ ಮದುವೆ ಪತ್ರಿಕೆಯನ್ನು ಯಾರೂ ಹೊಸದಾಗಿ ಬರೆಸುವುದಿಲ್ಲ. ಶ್ರೀರಾಂಪುರದಿಂದ ಬಸ್ಸಿಳಿದು ಬಂದವರು, "ದೊಡ್ಡ ಹುಡುಗೀದು ಮಾಡಿದ್ರಲ್ಲ, ಅದನ್ನೇ ತೆಗೀರಿ. ಹೆಸ್ರು ಬದ್ಲಾಯ್ಸಿದ್ರೆ ಆತು" ಎನ್ನುತ್ತಾರೆ. ಮನೆದೇವರ ಹೆಸರು, ಸುಖಾಗಮನ ಬಯಸುವವರ ಸಾಲು, ಯಾವ ಮಾವ ಮೇಲೆ, ಯಾವ ಚಿಕ್ಕಪ್ಪ ಕೆಳಗೆ ಎಂದು ಜಗಳವಾಡಿ ತೀರ್ಮಾನವಾದ ಪಟ್ಟಿ, ಎಲ್ಲ ಆ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿತ್ತು. ಅದು ಹೋದರೆ ಗಿರಾಕಿಗಳು ನನ್ನನ್ನೇ ಹುಡುಕಿಕೊಂಡು ಬರಲು ಕಾರಣವೇ ಇರಲಿಲ್ಲ. ಅಂಗಡಿ ಮುಚ್ಚಬೇಕಾಗುತ್ತಿತ್ತು.

ವೇಗ ಹೆಚ್ಚಲೆಂದು ನಾನು ಮಾಡಿದ ಕೆಲಸ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಡಿಸ್ಕಿನಲ್ಲಿ ಚೆದುರಿದ್ದನ್ನು ಒಟ್ಟುಮಾಡುವ ಡಿಫ್ರಾಗ್ ಎಂಬುದಿದೆಯಲ್ಲ, ಅದನ್ನು ದಿನಾ ಊಟಕ್ಕೆ ಹೋಗುವಾಗ ಓಡಲು ಬಿಟ್ಟು ಹೋಗುತ್ತಿದ್ದೆ. ಗುಡಿಸಿದಷ್ಟೂ ಒಳ್ಳೆಯದು ಎಂದುಕೊಂಡಿದ್ದೆ.

ಭಾಯಿ ಬಂದು ಡಬ್ಬ ಬಿಚ್ಚಿದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಡಿಸ್ಕಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದರು. ಮೊದಲು ಅವರು ತೋಟಗಳ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುತ್ತಿದ್ದವರು. ಬೇರಿಂಗ್ ಸವೆದದ್ದನ್ನು ಹೀಗೇ ಕೇಳಿ ಹೇಳುತ್ತಿದ್ದರಂತೆ. ನಾನು ಡಿಫ್ರಾಗಿನ ವಿಷಯ ಹೇಳಿದೆ.

"ದಿನಾ ಓಡಿಸ್ತೀರಾ?" ಎಂದರು. "ಏದುಸಿರು ಬಿಡೋ ಮುದುಕನ್ನ ದಿನಾ ಬೆಟ್ಟ ಹತ್ತಿಸ್ದಂಗೆ ಆತಲ್ಲಮ್ಮ. ಕಟಕಟ ಅಂತೈತೆ ಕೇಳ್ರಿ. ಮೊದ್ಲು ಇದ್ರಾಗಿರೋದು ಈಚೆ ತೆಗೀಬೇಕು. ಸ್ಪೀಡು ಆಮ್ಯಾಲೆ."

ಮದುವೆ ಸೀಸನ್ನು. ಅಂಗಡಿ ನಿಲ್ಲಿಸಲಾರೆ ಎಂದು ರೇಗಿದೆ. ಅವರು ಪವರ್ ವೈರು ಕಿತ್ತು ತಮ್ಮ ಚೀಲಕ್ಕೆ ಹಾಕಿಕೊಂಡರು.

"ಯಾವುದು ಮೊದ್ಲು ಬೇಕು ಹೇಳ್ರಿ."

"ಎಲ್ಲಾ ಬೇಕು ಭಾಯಿ."

"ಎಲ್ಲಾ ಅಂದ್ರೆ ಯಾವುದೂ ಸಿಗಾದಿಲ್ಲ. ಮೊದ್ಲು ಯಾವುದು?"

ಮದುವೆ ಎಂದೆ. ಮೂರು ದಿನ ಕೂತರು. ಸ್ವಲ್ಪ ಹೊತ್ತು ಬೇರೆ ಡಿಸ್ಕಿಗೆ ನಕಲು ತೆಗೆಯುವುದು, ಡಿಸ್ಕ್ ಬಿಸಿಯಾದರೆ ನಿಲ್ಲಿಸುವುದು, ಆರಿದ ಮೇಲೆ ಮತ್ತೆ ಶುರು. ಒಂದೇ ಫೈಲು ಅರ್ಧ ದಿನ ತಿಂದಾಗ ನಾನೇ ಬೇಸತ್ತು "ಬಿಡ್ರಿ ಭಾಯಿ" ಎಂದೆ. ಅವರು ಬಿಡಲಿಲ್ಲ. ಮದುವೆ, ಗೃಹಪ್ರವೇಶ, ತಿಥಿ, ಎಲ್ಲ ಈಚೆ ಬಂದವು. ನನ್ನ ಸಿನಿಮಾ ಹಾಡುಗಳ ಸರದಿ ಬರುವ ಹೊತ್ತಿಗೆ ಡಿಸ್ಕ್ ಪೂರ್ತಿ ಕೈಕೊಟ್ಟಿತು. ಅದರ ಜಾಗದಲ್ಲಿ ಒಳಗೆ ಏನೂ ತಿರುಗದ ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕ್ ಕೂರಿಸಿದರು. ಮಾರನೆಯ ಬೆಳಿಗ್ಗೆ ನಾನು ಸ್ವಿಚ್ ಹಾಕಿ ಪೊರಕೆ ಹುಡುಕುವಷ್ಟರಲ್ಲಿ ಕಂಪ್ಯೂಟರ್ ಎದ್ದು ಕೂತಿತ್ತು...

ಭಾಯಿ ತೀರಿಕೊಂಡು ಎರಡು ತಿಂಗಳಾಯಿತು. ಆ ದಿನ ಮದುವೆ ಪತ್ರಿಕೆಗಳ ಅವಸರವೆಂದು ನಾನು ಅವರ ಮನೆಗೆ ಹೋಗಲಿಲ್ಲ. ಆ ಸಂಕಟ ಹೋಗುವುದಿಲ್ಲ.

ನಿನ್ನೆ ಅವರ ಹೆಂಡತಿ ಅಂಗಡಿಗೆ ಬಂದರು. ವಿಧವಾ ವೇತನಕ್ಕೆ ಅರ್ಜಿ ಹಾಕಬೇಕಿತ್ತು.

"ಎರಡು ಕಡೆ ಹೋದೆ. ನಾಳೆ ಬರ್ರಿ ಅಂದ್ರಮ್ಮ."

"ಕುಂತ್ಕಳ್ರಿ. ಇವತ್ತೇ ಆಗ್ತೈತೆ, ಮಾಡಿಕೊಟ್ಟೇ ಕಳಿಸ್ತೀನಿ," ಎಂದೆ.

ಅರ್ಜಿ ಕ್ಷಣದಲ್ಲಿ ತೆರೆದುಕೊಂಡಿತು. ಅವರ ಹೆಸರು ತುಂಬಿದೆ, ವಿಳಾಸ ತುಂಬಿದೆ. ಮುಂದಿನ ಕಾಲಂ ಗಂಡನ ಹೆಸರು. ಅಲ್ಲಿ ನನ್ನ ಕೈ ನಿಂತಿತು. ತಾಲ್ಲೂಕಿನವರ ಅಷ್ಟೂ ಹೆಸರುಗಳನ್ನು ಮೂರು ದಿನ ಕೂತು ಉಳಿಸಿಕೊಟ್ಟ ಮನುಷ್ಯನ ಹೆಸರು ನನಗೆ ಗೊತ್ತಿರಲಿಲ್ಲ. ನಾನು ಕೇಳುವ ಮೊದಲೇ ಅವರ ಹೆಂಡತಿ ಚೀಲದಿಂದ ಮರಣ ಪ್ರಮಾಣಪತ್ರ ತೆಗೆದು ಮುಂದಿಟ್ಟರು. ಅದನ್ನು ನೋಡಿಕೊಂಡು ಒಂದೊಂದೇ ಅಕ್ಷರ ಟೈಪ್ ಮಾಡಿದೆ.